ತರಗೆಲೆಗೆ ಕಡ್ಡಿ ಗೀರೋ ಮುಂಚೆ ಅಣಬೆ ಪರವಾಗಿ ನಾಲ್ಕು ಮಾತು

ಫೆಬ್ರವರಿ ಬಂತು ಅಂದ್ರೆ ಮಾರತ್ತಹಳ್ಳಿಯ ಒಳರಸ್ತೆಗಳಲ್ಲಿ ಬೆಳಿಗ್ಗೆ ಏಳೂವರೆ ಹೊತ್ತಿಗೆ ಹೊಗೆ ವಾಸನೆ ಶುರು. ಹೊಂಗೆ, ಮಳೆಮರ, ಅರಳಿ ಎಲ್ಲವೂ ಎಲೆ ಉದುರಿಸೋ ಕಾಲ ಅದು. ಗುಡಿಸಿದ ಎಲೆಯನ್ನ ಖಾಲಿ ಸೈಟಿನ ಮೂಲೆಗೆ ತಳ್ಳೋದು, ಮೇಲೆ ನಾಲ್ಕು ಹಾಲಿನ ಕವರು ಬಿದ್ದಿದ್ದರೂ ಲೆಕ್ಕಿಸದೆ ಕಡ್ಡಿ ಗೀರೋದು. ಔಟರ್ ರಿಂಗ್ ರೋಡಿನ ಹೊಗೆ ಸಾಲದು ಅಂತ ಇದೂ ಒಂದು. ಹತ್ತು ಗಂಟೆಗೆ ಎಲ್ಲರೂ ಆಫೀಸಿಗೆ ಹೊರಟಾಗ ಅಲ್ಲೊಂದು ಕಪ್ಪು ವೃತ್ತ ಮಾತ್ರ ಉಳಿದಿರುತ್ತೆ.

ಇದು ಕಾನೂನುಬಾಹಿರ ಅನ್ನೋದು ಹೊಸ ವಿಷಯವೇನಲ್ಲ. 2016ರ ಘನತ್ಯಾಜ್ಯ ನಿಯಮಗಳೇ ಕಸ ಸುಡಬಾರದು ಅಂದವು. ಅದೇ ವರ್ಷ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ಆದೇಶ ಕೊಟ್ಟಿತು. ಆ ಕೇಸಿನ ಮೂಲ ಅರ್ಜಿದಾರರು ನಮ್ಮ ಬೆಂಗಳೂರಿನವರೇ, ಅಲ್ಮಿತ್ರಾ ಪಟೇಲ್. 1996ರಲ್ಲಿ ಕಸದ ವಿಷಯ ಹಿಡಿದು ಸುಪ್ರೀಂ ಕೋರ್ಟಿನ ತನಕ ಹೋದವರು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ಬೋರ್ಡು ಬದಲಾಯ್ತು, ಎಲೆಗೆ ಬೆಂಕಿ ಹಾಕೋದು ಬದಲಾಗಲಿಲ್ಲ.

ಆದ್ರೆ ನಾನು ಇವತ್ತು ಬರೀಬೇಕು ಅಂದುಕೊಂಡಿದ್ದು ಹೊಗೆ ಬಗ್ಗೆಯೂ ಅಲ್ಲ, ದಂಡದ ಬಗ್ಗೆಯೂ ಅಲ್ಲ. ಆ ಎಲೆಯನ್ನ ತಿನ್ನಬೇಕಾಗಿದ್ದವರ ಬಗ್ಗೆ. ಅಂದ್ರೆ ಶಿಲೀಂಧ್ರಗಳ ಬಗ್ಗೆ. ಅಣಬೆ, ಬೂಸ್ಟು, ನಾಯಿಕೊಡೆ, ಏನು ಬೇಕಾದ್ರೂ ಕರೀರಿ. ನನ್ನ ವಾದ ಇಷ್ಟೇ: ಒಣಗಿದ ಎಲೆ ಕಸ ಅಲ್ಲ, ಅದು ಒಂದು ಇಡೀ ಜೀವಸಾಮ್ರಾಜ್ಯದ ಊಟ. ಅದನ್ನ ಅವರ ಬಾಯಿಂದ ಕಿತ್ತು ಸುಟ್ಟುಬಿಟ್ಟು, ಆಮೇಲೆ ಅದೇ ಮರದ ಬುಡಕ್ಕೆ ಮೂಟೆ ಗೊಬ್ಬರ ತಂದು ಸುರಿಯೋದು ದಡ್ಡತನ.

ಜೀವಸಾಮ್ರಾಜ್ಯ ಅಂದಿದ್ದು ಉತ್ಪ್ರೇಕ್ಷೆ ಅಲ್ಲ. ವಿಟ್ಟೇಕರ್ ಅನ್ನೋ ಅಮೆರಿಕದ ವಿಜ್ಞಾನಿ 1969ರಲ್ಲಿ ಜೀವಿಗಳನ್ನ ಐದು ಸಾಮ್ರಾಜ್ಯವಾಗಿ ವಿಂಗಡಿಸಿದಾಗ ಶಿಲೀಂಧ್ರಕ್ಕೆ ತನ್ನದೇ ಮನೆ ಸಿಕ್ಕಿತು. ಅಲ್ಲೀತನಕ ಅದನ್ನ ಗಿಡಗಳ ಜೊತೆ ಸೇರಿಸಿ ಓದಿಸ್ತಿದ್ರು. ನಿಜ ಹೇಳಬೇಕಂದ್ರೆ ಅಣಬೆ ಗಿಡಕ್ಕಿಂತ ನಮಗೇ ಹತ್ತಿರದ ಸಂಬಂಧಿ. ಅದರ ಜೀವಕೋಶದ ಗೋಡೆಯಲ್ಲಿರೋದು ಕೈಟಿನ್, ಅಂದ್ರೆ ಜಿರಲೆ, ಸಿಗಡಿಯ ಚಿಪ್ಪಿನಲ್ಲಿರೋ ವಸ್ತು. ಬಿಸಿಲಿನಿಂದ ಅಡುಗೆ ಮಾಡಿಕೊಳ್ಳೋಕೆ ಅದಕ್ಕೆ ಬರಲ್ಲ. ನಾವು ಊಟವನ್ನ ಹೊಟ್ಟೆಗೆ ಹಾಕಿಕೊಂಡು ಜೀರ್ಣಿಸ್ತೀವಿ, ಅದು ಊಟದೊಳಗೇ ಹೊಕ್ಕು, ಕಿಣ್ವಗಳನ್ನ ಹೊರಗೆ ಸುರಿದು, ಕರಗಿದ್ದನ್ನ ಹೀರುತ್ತೆ. ಮಳೆ ಬಂದಾಗ ಕಾಣೋ ಕೊಡೆ ಅದರ ಹಣ್ಣು ಮಾತ್ರ. ನಿಜವಾದ ದೇಹ ಅಂದ್ರೆ ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳು. ಒಂದು ಗ್ರಾಂ ಒಳ್ಳೆ ಕಾಡುಮಣ್ಣಿನಲ್ಲಿ ಈ ಎಳೆಗಳ ಉದ್ದ ಮೀಟರುಗಟ್ಟಲೆ. ಹೆಸರಿಟ್ಟಿರೋ ಪ್ರಭೇದಗಳು ಸುಮಾರು ಒಂದೂವರೆ ಲಕ್ಷ. ಒಟ್ಟು 22ರಿಂದ 38 ಲಕ್ಷ ಇರಬಹುದು ಅಂತ 2017ರ ಒಂದು ಅಂದಾಜು.

ಎಲೆ, ಕಡ್ಡಿ, ಮರಕ್ಕೆ ಗಟ್ಟಿತನ ಕೊಡೋದು ಲಿಗ್ನಿನ್. ಇದು ಅಡ್ಡಾದಿಡ್ಡಿ ಹೆಣೆದ ಒಂದು ಅಣುಜಾಲ. ಅದನ್ನ ಪೂರ್ತಿ ಬಿಚ್ಚೋ ಕೆಲಸದಲ್ಲಿ ಬಿಳಿಕೊಳೆ ಶಿಲೀಂಧ್ರಗಳ ಸಮಕ್ಕೆ ಯಾರೂ ಬರಲ್ಲ. ಅವು ಇಲ್ಲದಿದ್ರೆ ಬಿದ್ದ ಎಲೆ ಪುಡಿಯಾಗಬಹುದು, ಆದ್ರೆ ಅದರೊಳಗಿನ ಸಾರ ವಾಪಸ್ ಮರಕ್ಕೆ ಸಿಗೋಕೆ ಯುಗವೇ ಬೇಕು. ನಮ್ಮ ಕಸುಬಿನವರಿಗೆ ಅರ್ಥ ಆಗೋ ಹಾಗೆ ಹೇಳಬೇಕಂದ್ರೆ, ಗಾರ್ಬೇಜ್ ಕಲೆಕ್ಟರ್ ಮೆಮೊರಿಯನ್ನ ಸುಡಲ್ಲ ಸ್ವಾಮಿ, ಬಿಡಿಸಿ ವಾಪಸ್ ಕೊಡುತ್ತೆ :) "ಬೂದಿಯೂ ಗೊಬ್ಬರ ಅಲ್ವೇನ್ರಿ?" ಅನ್ನೋರಿದ್ದಾರೆ. ಹೌದು, ಪೊಟ್ಯಾಷ್, ಸುಣ್ಣದಂಶ ಬೂದಿಯಲ್ಲಿ ಉಳಿಯುತ್ತೆ. ಸಾರಜನಕ ಮತ್ತು ಇಂಗಾಲ ಮಾತ್ರ ಹೊಗೆಯಾಗಿ ಪಕ್ಕದ ಮನೆ ಮಗುವಿನ ಶ್ವಾಸಕೋಶಕ್ಕೆ ಹೋಗುತ್ತೆ.

ನಮಗೆ ಶಿಲೀಂಧ್ರ ಅಂದ್ರೆ ರೋಗ ಅಂತಲೇ ಯಾಕೆ ತಲೆಗೆ ಹೋಗಿದೆ? ಮಲೆನಾಡಿನವರನ್ನ ಕೇಳಿ. ಕೊಳೆರೋಗ! ಮಳೆಗಾಲದಲ್ಲಿ ಅಡಿಕೆ ಮಿಳ್ಳೆ ಉದುರೋಕೆ ಶುರುವಾದ್ರೆ ಮನೆಯಲ್ಲಿ ಮಾತೇ ನಿಂತುಹೋಗ್ತಿತ್ತು. ಹಿಂದೆಲ್ಲ ಕೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡಿಕೊಳ್ತಿದ್ರು. ಲೆಸ್ಲಿ ಕೋಲ್ಮನ್ ಅನ್ನೋ ಕೆನಡಾದವರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಬಂದರು. ಕೊಳೆರೋಗದ ಬೆನ್ನುಹತ್ತಿ 1910ರಲ್ಲಿ ಅದಕ್ಕೆ ಕಾರಣವಾದ ಜೀವಿಯನ್ನ ವಿವರಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸೋದನ್ನ ತೋಟಗಳಿಗೆ ತಂದವರೂ ಅವರೇ. ನೂರು ವರ್ಷ ದಾಟಿದ್ರೂ ಇವತ್ತಿಗೂ ಔಷಧಿ ಹೊಡೆಯೋದು ಅಂದ್ರೆ ಅದೇ ನೀಲಿ ನೀರು. ನಮ್ಮಲ್ಲಿ ಶಿಲೀಂಧ್ರ ವಿಜ್ಞಾನ ಸರ್ಕಾರಿ ಕೆಲಸವಾಗಿ ಬೆಳೆದದ್ದೇ ಬೆಳೆ ಉಳಿಸೋ ಗಡಿಬಿಡಿಯಲ್ಲಿ. ಪೊಲೀಸ್ ಸ್ಟೇಷನ್ನಿನ ರಿಜಿಸ್ಟರು ನೋಡಿ ಒಂದೂರಿನ ಜನರ ಪರಿಚಯ ಮಾಡಿಕೊಂಡ ಹಾಗೆ!

ಇದರಲ್ಲೊಂದು ತಮಾಷೆ ಇದೆ. ಕೊಳೆರೋಗ ತರೋ ಫೈಟಾಫ್ತರಾ ಶಿಲೀಂಧ್ರವೇ ಅಲ್ಲ. ಎಳೆ ಎಳೆಯಾಗಿ ಬೆಳೆಯುತ್ತೆ, ಬೂಸ್ಟಿನ ಹಾಗೇ ಕಾಣುತ್ತೆ, ಆದ್ರೆ ಅದರ ಗೋಡೆಯಲ್ಲಿರೋದು ಮುಖ್ಯವಾಗಿ ಸೆಲ್ಯುಲೋಸ್. ವಂಶವೃಕ್ಷದಲ್ಲಿ ಅದು ಸಮುದ್ರದ ಕಂದುಪಾಚಿಗೆ ಹತ್ತಿರ. ಕೋಲ್ಮನ್ ಕಾಲದಲ್ಲಿ ಇದು ತಿಳಿಯೋ ಹಾಗಿರಲಿಲ್ಲ. ಅಂದ್ರೆ ಕರ್ನಾಟಕದಲ್ಲಿ ಶಿಲೀಂಧ್ರದ ಹೆಸರು ಕೆಡಿಸಿದ ಮೊದಲ ಆರೋಪಿ ಆ ಮನೆತನದವನೇ ಅಲ್ಲ. ಹಾಗಂತ ಮನೆತನ ಪೂರ್ತಿ ಸಾಧು ಅಂತಲೂ ನಾನು ಹೇಳಲ್ಲ. ಈಚಿನ ವರ್ಷಗಳಲ್ಲಿ ಶೃಂಗೇರಿ, ಹೊಸನಗರದ ಕಡೆ ತೋಟಗಳನ್ನ ಒಣಗಿಸ್ತಿರೋ ಎಲೆಚುಕ್ಕಿ ರೋಗದ ಹಿಂದಿರೋ ಕೊಲೆಟೋಟ್ರೈಕಮ್ ಅಸಲಿ ಶಿಲೀಂಧ್ರವೇ. ತೆಂಗು, ಅಡಿಕೆಯ ಬುಡ ಕೊಳೆಸೋ ಗ್ಯಾನೋಡರ್ಮಾಗೆ ರೈತರು ಅಣಬೆ ರೋಗ ಅಂತಲೇ ಹೆಸರಿಟ್ಟಿದ್ದಾರೆ.

ಎರಡನೇ ಭಯ 2021ರದ್ದು. ಕೋವಿಡ್ ಎರಡನೇ ಅಲೆಯಲ್ಲಿ 'ಬ್ಲ್ಯಾಕ್ ಫಂಗಸ್' ಅನ್ನೋ ಪದ ಪ್ರತಿ ಮನೆಯ ಟಿವಿಯಲ್ಲೂ ಬಂತು. ಹೋದ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಎಲೆಗೊಬ್ಬರದ ಪ್ರಸ್ತಾಪ ಇಟ್ಟಾಗ ಮೂರನೇ ಮಹಡಿಯ ಹಿರಿಯರೊಬ್ಬರು ಎದ್ದು ನಿಂತು, "ರೀ, ಎಲೆ ಗುಡ್ಡೆ ಹಾಕಿದ್ರೆ ಬ್ಲ್ಯಾಕ್ ಫಂಗಸ್ ಬರಲ್ವೇನ್ರಿ? ಮನೇಲಿ ಶುಗರ್ ಪೇಷೆಂಟ್ ಇದ್ದಾರೆ" ಅಂದ್ರು. ಯಾರೂ ನಗಲಿಲ್ಲ, ನಗೋ ಮಾತೂ ಅಲ್ಲ. ಆ ಕಾಯಿಲೆ ತಂದ ರೈಜೋಪಸ್ ಕುಲದ ಶಿಲೀಂಧ್ರಗಳು ಮಣ್ಣಲ್ಲಿ, ಹಳಸಿದ ಬ್ರೆಡ್ಡಲ್ಲಿ, ಕೊಳೆಯೋ ಎಲೆಯಲ್ಲಿ ಇರೋದು ನಿಜ. ಅವುಗಳ ಬಣ್ಣ ಕಪ್ಪು ಅಂತ ಆ ಹೆಸರು ಬಂದಿದ್ದಲ್ಲ, ಸತ್ತ ಅಂಗಾಂಶ ಕಪ್ಪಾಗುತ್ತೆ ಅಂತ ಬಂದಿದ್ದು. ಆದ್ರೆ ಅವುಗಳ ಬೀಜಾಣು ಗಾಳಿಯಲ್ಲಿ ಎಂದಿನಿಂದಲೂ ಇವೆ, ನಾವು ದಿನಾ ಉಸಿರಾಡ್ತೀವಿ. 2021ರಲ್ಲಿ ಬೇರೆಯಾಗಿದ್ದು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಮಿತಿಮೀರಿದ ಸ್ಟಿರಾಯ್ಡು, ಅದರ ಜೊತೆಗೆ ಕೋವಿಡ್. ನಾನು ಹೇಳಿದ್ದು ಇಷ್ಟು: ಆಸ್ತಮಾ ಇರೋರು, ಔಷಧಿಯಿಂದ ರೋಗನಿರೋಧಕ ಶಕ್ತಿ ಕುಗ್ಗಿರೋರು, ಸಕ್ಕರೆ ಹತೋಟಿಯಲ್ಲಿ ಇಲ್ಲದೋರು ಗುಡ್ಡೆ ಕೆದಕೋ ಕೆಲಸಕ್ಕೆ ಬರಬೇಡಿ. ಕೆದಕೋರು ಮಾಸ್ಕ್ ಹಾಕಿ, ಎಲೆ ಒದ್ದೆ ಮಾಡಿಯೇ ತಿರುವಿ. ಅದೇ ಹಿರಿಯರ ಮನೆ ಕಿಟಕಿಗೆ ದಿನಾ ಬೆಳಿಗ್ಗೆ ಹೊಡೀತಿದ್ದ ಹೊಗೆಯ ಬಗ್ಗೆ ಮಾತ್ರ ಆ ಮೀಟಿಂಗಿನಲ್ಲಿ ಯಾರೂ ಎದ್ದು ನಿಲ್ಲಲಿಲ್ಲ.

ಸರಿ, ಈಗ ನೊರೆ ವಿಷಯಕ್ಕೆ ಬರೋಣ. ಮಾರತ್ತಹಳ್ಳಿಯವರಿಗೆ ನೊರೆ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಒಂದು ಕಡೆ ಬೆಳ್ಳಂದೂರು, ಇನ್ನೊಂದು ಕಡೆ ವರ್ತೂರು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿ ಪ್ರಪಂಚಕ್ಕೆಲ್ಲ ಸುದ್ದಿಯಾಯ್ತು. ಚರಂಡಿ ನೀರು, ಸೋಪಿನ ಪುಡಿಯ ಕೃಪೆ ಅದು. ಆದ್ರೆ ಪಶ್ಚಿಮಘಟ್ಟದ ಹಳ್ಳಗಳಲ್ಲೂ ನೊರೆ ಬರುತ್ತೆ. ಜಲಪಾತದ ಕೆಳಗೆ, ಬಂಡೆ ಸಂದಿಯಲ್ಲಿ ಕೆನೆ ಬಣ್ಣದ ಸಣ್ಣ ಸಣ್ಣ ಮುದ್ದೆ. ಮಂಗಳೂರು ವಿಶ್ವವಿದ್ಯಾಲಯದ ಕೆ.ಆರ್. ಶ್ರೀಧರ್ ಮತ್ತು ಕೆ.ಎಂ. ಕಾವೇರಿಯಪ್ಪ 1980ರ ದಶಕದಿಂದ ಈ ಹಳ್ಳಗಳ ನೊರೆಯನ್ನೂ ನೀರಲ್ಲಿ ಬಿದ್ದ ಎಲೆಗಳನ್ನೂ ತಂದು ಸೂಕ್ಷ್ಮದರ್ಶಕದಡಿ ನೋಡ್ತಾ ಬಂದರು. ಆ ನೊರೆಯಲ್ಲಿ ಸಿಕ್ಕಿಕೊಂಡಿರೋದು ಶಿಲೀಂಧ್ರಗಳ ಬೀಜಾಣು. ಸಾಮಾನ್ಯ ಬೀಜಾಣುವಿನ ಹಾಗೆ ಗುಂಡಗಿರಲ್ಲ. ನಾಲ್ಕು ಕಾಲಿನ ನಕ್ಷತ್ರ, ಬಿಲ್ಲು, ಕೊಕ್ಕೆ, ಹೀಗೆ ಥರಾವರಿ ಆಕಾರ. ಹರಿಯೋ ನೀರಲ್ಲಿ ಎಲೆಗೆ ಸಿಕ್ಕಿಹಾಕಿಕೊಳ್ಳೋಕೆ ಲಂಗರು ಬೇಕಲ್ಲ, ಅದಕ್ಕೇ ಈ ಕಾಲುಗಳು. ಇಂಗ್ಲೆಂಡಿನ ಇಂಗೋಲ್ಡ್ ಅನ್ನೋವ್ರು 1942ರಲ್ಲಿ ಒಂದು ಹೊಳೆಯಲ್ಲಿ ಕೊಳೀತಿದ್ದ ಎಲೆಗಳ ಮೇಲೆ ಇಂಥವನ್ನ ಕಂಡು ವಿವರಿಸಿದ್ದರು.

ಈ ಶಿಲೀಂಧ್ರ ನೀರಿಗೆ ಬಿದ್ದ ಎಲೆಯನ್ನ ಮೆತ್ತಗೆ ಮಾಡುತ್ತೆ, ತಾನೂ ಅದರೊಳಗೆ ಬೆಳೆದು ಪೌಷ್ಟಿಕ ಮಾಡುತ್ತೆ. ಬರೀ ಎಲೆ ಒಣ ರೊಟ್ಟಿ ಇದ್ದ ಹಾಗೆ, ಶಿಲೀಂಧ್ರ ಅದಕ್ಕೆ ಹಚ್ಚಿದ ಬೆಣ್ಣೆ. ಆಮೇಲೆ ಹಳ್ಳದ ಹುಳಗಳು ಅದನ್ನ ತಿನ್ನುತ್ತವೆ, ಹುಳಗಳನ್ನ ಮೀನು ತಿನ್ನುತ್ತೆ. ಕಾಡಿನ ನೆರಳಲ್ಲಿ ಹರಿಯೋ ಹಳ್ಳಕ್ಕೆ ಬಿಸಿಲು ಕಮ್ಮಿ, ಪಾಚಿ ಕಮ್ಮಿ. ಅಲ್ಲಿನ ಊಟದ ದೊಡ್ಡ ಪಾಲು ಮೇಲಿಂದ ಉದುರಿದ ಎಲೆಯೇ. ಒಂದೇ ರಾಜ್ಯದಲ್ಲಿ ಎರಡು ನೊರೆ ನೋಡಿ! ಒಂದು ಎಲೆಯನ್ನ ಮೀನಾಗಿಸೋ ಕೆಲಸದ ಗುರುತು, ಇನ್ನೊಂದು ನಮ್ಮ ವಾಷಿಂಗ್ ಮೆಷಿನ್ನಿನ ಗುರುತು.

ಊರೊಳಗೂ ಈ ಕೆಲಸಗಾರರು ಇಲ್ಲದೆ ಇಲ್ಲ. ಖಾಲಿ ಸೈಟುಗಳಲ್ಲಿ ಅಲ್ಲೊಂದು ಇಲ್ಲೊಂದು ಹುತ್ತ ಇನ್ನೂ ಉಳಿದಿದೆ. ಅರಿಶಿನ ಕುಂಕುಮ ಹಚ್ಚಿದ್ದಾರೆ ಅನ್ನೋ ಕಾರಣಕ್ಕೆ ಜೆಸಿಬಿಯವನೂ ಒಂದು ಸುತ್ತು ಬಳಸಿ ಹೋಗ್ತಾನೆ. ನಾಗಪ್ಪನ ಮನೆ ಅಂತ ನಾವು ಹಾಲೆರೆಯೋ ಹುತ್ತ ಅಸಲಿಗೆ ಒಂದು ಅಣಬೆ ತೋಟ. ಗೆದ್ದಲು ಒಣ ಎಲೆ, ಕಡ್ಡಿ ತಿಂದು, ಅದರ ಹಿಕ್ಕೆಯಿಂದ ಒಳಗೆ ಜೇನುಹಟ್ಟಿಯಂಥ ಗೂಡು ಕಟ್ಟಿ, ಅದರ ಮೇಲೆ ಟರ್ಮಿಟೋಮೈಸಿಸ್ ಅನ್ನೋ ಶಿಲೀಂಧ್ರ ಬೆಳೆಸುತ್ತೆ. ಲಿಗ್ನಿನ್ ಬಿಚ್ಚೋ ಹೊಣೆ ಶಿಲೀಂಧ್ರದ್ದು, ತಯಾರಾದ ಊಟ ಗೆದ್ದಲಿಗೆ. ಸುಮಾರು ಮೂರು ಕೋಟಿ ವರ್ಷದಿಂದ ನಡೀತಿರೋ ಬೇಸಾಯ ಇದು. ಕಳೆಯನ್ನೂ ಕೀಳುತ್ತವೆ! ಭಾರತೀಯ ವಿಜ್ಞಾನ ಸಂಸ್ಥೆಯ ರೆನೆ ಬೋರ್ಜಸ್ ಮತ್ತು ಅವರ ವಿದ್ಯಾರ್ಥಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತೋಟಕ್ಕೆ ಬಂದ ಕಳೆ ಶಿಲೀಂಧ್ರವನ್ನ ಗೆದ್ದಲು ವಾಸನೆಯಿಂದಲೇ ಗುರುತಿಸಿ ಮಣ್ಣು ಮುಚ್ಚುತ್ತವೆ. ಮುಂಗಾರು ಮಳೆ ಬಿದ್ದಾಗ ಹುತ್ತದ ಮೇಲೆ ಏಳೋ ಅಣಬೆ ಇದೇ ತೋಟದ್ದು. ಕೊಡಗಿನವರು ಕುಮ್ಮು ಅಂತ ಮಳೆಗಾಲದಲ್ಲಿ ಹುಡುಕಿಕೊಂಡು ಹೋಗೋದೂ ಇಂಥದ್ದನ್ನೇ. (ಮಾರತ್ತಹಳ್ಳಿ ಸೈಟಿನಲ್ಲಿ ಎದ್ದಿದ್ದನ್ನ ಕಿತ್ತು ಸಾರು ಮಾಡಬೇಡಿ ಮತ್ತೆ. ಗುರುತು ಹಿಡಿಯೋ ಅಜ್ಜಿ ಜೊತೆಗಿಲ್ಲದಿದ್ರೆ ಅಣಬೆ ಕೀಳೋದು ಬೇಡ.)

ಇನ್ನು ಬೇರು. ನೆಲದ ಮೇಲಿನ ಬಹುಪಾಲು ಗಿಡಮರಗಳ ಬೇರಿನಲ್ಲಿ ಶಿಲೀಂಧ್ರದ ಸಹವಾಸ ಇದೆ, ಮೈಕೋರೈಜಾ ಅಂತಾರೆ. ಬೇರು ತಲುಪದ ಸಂದಿಯಿಂದ ರಂಜಕ ತಂದುಕೊಡುತ್ತೆ, ಬದಲಿಗೆ ಮರದಿಂದ ಸಕ್ಕರೆ ತಗೊಳ್ಳುತ್ತೆ. ಇದರ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ ಡಿ.ಜೆ. ಬಾಗ್ಯರಾಜ್ ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರೇ. ಜಗತ್ತಿನ ಗಿಡಗಳೆಲ್ಲ ಸೇರಿ ವರ್ಷಕ್ಕೆ ಈ ಶಿಲೀಂಧ್ರಗಳಿಗೆ ಕೊಡೋ ಇಂಗಾಲ ಸುಮಾರು 1,300 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮ ಅಂತ 2023ರ ಒಂದು ಲೆಕ್ಕ ಹೇಳಿತು. ಅದೆಲ್ಲ ಮಣ್ಣಲ್ಲೇ ಕೂತಿರುತ್ತೆ ಅಂತಲ್ಲ, ಆದ್ರೂ ವಹಿವಾಟು ಎಷ್ಟು ದೊಡ್ಡದು ನೋಡಿ.

ಆದ್ರೆ ಮರಗಳು ಶಿಲೀಂಧ್ರದ ಇಂಟರ್ನೆಟ್ಟಿನಲ್ಲಿ ಒಂದಕ್ಕೊಂದು ಮೆಸೇಜು ಕಳಿಸುತ್ತವೆ, ತಾಯಿ ಮರ ಮಕ್ಕಳಿಗೆ ಊಟ ಹಾಕುತ್ತೆ ಅನ್ನೋ ವಾಟ್ಸಪ್ ಫಾರ್ವರ್ಡುಗಳು ನನಗೆ ಹಿಡಿಸಲ್ಲ. ಇದೇ ಕ್ಷೇತ್ರದ ಮೂವರು ವಿಜ್ಞಾನಿಗಳು 2023ರಲ್ಲಿ ಪುರಾವೆಗಳನ್ನೆಲ್ಲ ಜಾಲಾಡಿ, ಕಾಡಿನಲ್ಲಿ ಹೀಗೆ ನಡೆಯುತ್ತೆ ಅನ್ನೋದಕ್ಕೆ ಹೇಳಿಕೊಳ್ಳೋವಷ್ಟು ಆಧಾರ ಇಲ್ಲ ಅಂತ ಬರೆದರು. ಅಣಬೆಯನ್ನ ಗೌರವಿಸೋಕೆ ಅದನ್ನ ಬ್ರಾಡ್‌ಬ್ಯಾಂಡ್ ಕೇಬಲ್ ಮಾಡಬೇಕಾಗಿಲ್ಲ. ಎಲೆ ತಿನ್ನೋದು, ರಂಜಕ ತರೋದು ಸಾಲದಾ? ಮೈಕೋರೈಜಾ ಪುಡಿಯ ಪ್ಯಾಕೆಟ್ಟು ಕೊಂಡು ಕುಂಡಕ್ಕೆ ಉದುರಿಸಿ, ರಸ್ತೆ ಮರದ ಬುಡಕ್ಕೆ ಕಾಂಡಕ್ಕೆ ತಾಗೋ ಹಾಗೆ ಪೇವರ್ ಕಲ್ಲು ಜೋಡಿಸೋದೂ ನಮ್ಮಲ್ಲೇ ನಡೆಯುತ್ತೆ. ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೀರಿ ಅಂತ 2013ರಲ್ಲೇ ಹಸಿರು ನ್ಯಾಯಮಂಡಳಿ ಹೇಳಿತ್ತು. ನಮ್ಮ ಫುಟ್‌ಪಾತಿನಲ್ಲಿ ಮಾತ್ರ ಇವತ್ತೂ ಚರಂಡಿಗೆ, ಕೇಬಲ್ಲಿಗೆ ಅಂತ ಬೇರು ಕಡಿದು, ಆ ಗಾಯದಿಂದ ಕೊಳೆ ಹೊಕ್ಕು ಬುಡದಲ್ಲಿ ಗಟ್ಟಿ ಅಣಬೆ ಮೂಡಿದಾಗ "ಅಣಬೆ ಬಂದು ಮರ ಹಾಳಾಯ್ತು" ಅಂತೀವಿ.

ಹಾಗಾದ್ರೆ ಎಲೆ ಸುಡೋರು ಯಾರು? ನಮ್ಮ ರಸ್ತೆ ಗುಡಿಸೋ ಅಕ್ಕನ್ನ ಒಂದಿನ ಕೇಳಿದೆ, "ಅಕ್ಕಾ, ಯಾಕೆ ಬೆಂಕಿ ಹಾಕ್ತೀರಾ?" ಅಂತ. ಪೊರಕೆ ನಿಲ್ಲಿಸಿ ಅಂದ್ರು: "ಏನ್ ಮಾಡನ ಸಾರ್, ಆಟೋದವ್ರು ಎಲೆ ಹಾಕ್ಕಳಲ್ಲ ಅಂತಾರೆ. ರೋಡಲ್ ಬಿಟ್ರೆ ಮೇಸ್ತ್ರಿ ಬೈತಾನೆ. ಮೋರಿಗೆ ತಳ್ಳಿದ್ರೆ ಮಳೇಲಿ ಕಟ್ಕೊಂತದೆ, ಆಗ ನೀವೇ ಬೈತೀರ. ನೀವೇ ಹೇಳಿ, ಎಲ್ಲಿಗಾಕಲಿ?" ನನ್ನ ಹತ್ರ ಉತ್ತರ ಇರಲಿಲ್ಲ, ಯಾಕಂದ್ರೆ ಆ ರಸ್ತೆಯಲ್ಲಿ ಎಲೆಗೆ ಅಂತ ಒಂದಡಿ ಜಾಗವನ್ನೂ ನಾವು ಬಿಟ್ಟಿಲ್ಲ. ಅವರಿಗೆ ದಂಡ ಹಾಕಿ ಅನ್ನೋರ ಜೊತೆ ನಾನಿಲ್ಲ. ಜಾಗ ಕೊಡಬೇಕಾದ್ದು ಪಾಲಿಕೆ, ಅದಕ್ಕಿಂತ ಮೊದಲು ಗೋಡೆ ಕಟ್ಟಿಕೊಂಡು ಒಳಗೆ ಕೂತಿರೋ ನಾವು.

ನಮ್ಮ ಹಿಂದಿನವರು ಎಲೆಗೆ ಎಷ್ಟು ಜಾಗ ಬಿಟ್ಟಿದ್ರು ಗೊತ್ತಾ? ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ತನಕ ಸೊಪ್ಪಿನ ಬೆಟ್ಟ! ಬೇಸಿಗೆಯಲ್ಲಿ ದರಕು ಗುಡಿಸಿ ತಂದು ಕೊಟ್ಟಿಗೆಗೆ ಹಾಸೋದು, ಸಗಣಿ ಗಂಜಳದ ಜೊತೆ ಗೊಬ್ಬರಗುಂಡಿಗೆ, ಆಮೇಲೆ ತೋಟಕ್ಕೆ. ಕಾಡಿನ ಎಲೆಯನ್ನೆಲ್ಲ ಗುಡಿಸಿ ತಂದ್ರೆ ಬೆಟ್ಟ ಬರಡಾಗುತ್ತೆ ಅನ್ನೋ ಟೀಕೆಯೂ ಇದೆ, ಅದು ಸುಳ್ಳಲ್ಲ. ನಾನು ಹೇಳ್ತಿರೋದು ಎಲೆಗೆ ಅವರ ಲೆಕ್ಕದಲ್ಲಿ ಒಂದು ಜಾಗ ಇತ್ತು ಅಂತ. ಇನ್ನೂರು ಮನೆಯ ಅಪಾರ್ಟ್‌ಮೆಂಟಿಗೆ ಎರಡು ಕಾರು ನಿಲ್ಲಿಸೋವಷ್ಟು ಜಾಗ ಸಾಕು.

ನಮ್ಮಲ್ಲಿ ಕೊನೆಗೂ ಎಸ್‌ಟಿಪಿ ಹಿಂದೆ ಒಂದು ಮೂಲೆ ಸಿಕ್ಕಿತು. ಕೋಳಿ ಜಾಲರಿ ಸುತ್ತಿ ನಾಲ್ಕಡಿ ಅಗಲದ ಮೂರು ದುಂಡನೆ ಪಂಜರ. ಬೆಂಗಳೂರಿನ ನಿಜವಾದ ತೊಂದರೆ ಎಲೆ ಉದುರೋದು ಒಣ ತಿಂಗಳಲ್ಲಿ ಅನ್ನೋದು. ಮಳೆ ಬರೋತನಕ ಶಿಲೀಂಧ್ರ ಕೆಲಸ ಶುರು ಮಾಡಲ್ಲ, ಒಣಗಿದ ಗುಡ್ಡೆ ನೋಡಿದವರಿಗೆ ಬೆಂಕಿಕಡ್ಡಿ ನೆನಪಾಗುತ್ತೆ. 2024ರ ಮಾರ್ಚಿನಲ್ಲಿ ನೀರಿಲ್ಲದೆ ಒದ್ದಾಡಿದಾಗ ಜಲಮಂಡಳಿ ಗಿಡಕ್ಕೆ ಕುಡಿಯೋ ನೀರು ಹಾಕಿದ್ರೆ ದಂಡ ಅಂದಿತ್ತಲ್ಲ, ಆವಾಗ ಎಲ್ಲರಿಗೂ ಎಸ್‌ಟಿಪಿ ನೀರಿನ ನೆನಪಾಯ್ತು. ಅದೇ ನೀರು ವಾರಕ್ಕೆರಡು ಸಲ ಪೈಪಿನಲ್ಲಿ ಬಿಡ್ತೀವಿ. ಒಂದು ಬಕೆಟ್ ಹಳೇ ಗೊಬ್ಬರ ಅಥವಾ ಮರದ ಬುಡದ ಮಣ್ಣು ಸೇರಿಸಿದ್ರೆ ಆಯ್ತು, ಕಲ್ಚರ್ ಬಾಟಲಿ ಏನೂ ಬೇಡ. ಹಾಲಿನ ಕವರು ಮಾತ್ರ ಕೈಯಲ್ಲೇ ಆರಿಸಬೇಕು. ಅದನ್ನ ತಿನ್ನಿಸೋಕೆ ಹೋಗಬೇಡಿ.

ಮೂರನೇ ವಾರ ಒಳಗೆ ಕೈ ಹಾಕಿದ್ರೆ ಬೆಚ್ಚಗಿತ್ತು. ಎಲೆಯಿಂದ ಎಲೆಗೆ ಬಿಳಿ ದಾರ ಹೆಣೆದುಕೊಂಡಿತ್ತು, ಎರಡು ಎಲೆ ಎತ್ತಿದ್ರೆ ಹತ್ತು ಎಲೆ ಅಂಟಿಕೊಂಡೇ ಬರ್ತಿದ್ದವು. ಎದೆಮಟ್ಟ ತುಂಬಿದ ಪಂಜರ ಜುಲೈ ಹೊತ್ತಿಗೆ ಮೊಣಕಾಲಿಗಿಂತ ಕೆಳಗೆ ಇಳಿದಿತ್ತು. ಮೂರನೇ ಮಹಡಿಯ ಹಿರಿಯರು ದೂರದಿಂದಲೇ ನಿಂತು ನೋಡಿ, "ವಾಸನೆ ಏನೂ ಇಲ್ಲ ಕಣ್ರೀ" ಅಂದ್ರು. ಮಳೆ ನಿಂತ ಮೇಲೆ ಎರಡು ಚೀಲ ಗೊಬ್ಬರ ಅವರ ತುಳಸಿ, ದಾಸವಾಳಕ್ಕೆ ಹೋಯ್ತು. ಮಾಸ್ಕ್ ಹಾಕ್ಕೊಂಡೇ ತಗೊಂಡ್ರು, ಅದು ಬೇರೆ ಮಾತು :)

ರಸ್ತೆಯ ಎಲೆಗೆ ಮಾತ್ರ ಇನ್ನೂ ದಾರಿ ಆಗಿಲ್ಲ. ಗುಡಿಸೋ ಅಕ್ಕ ತಳ್ಳೋ ಗಾಡಿಯಲ್ಲಿ ತಂದು ನಮ್ಮ ಗೇಟಿನೊಳಗೆ ಹಾಕಬಹುದಾ ಅಂತ ಕೇಳಿದ್ರು. 'ಹೊರಗಿನ ಕಸ ಒಳಗೆ ಬೇಡ' ಅನ್ನೋರು, 'ನಮ್ಮ ಮರದ್ದೇ ಎಲೆ ಅಲ್ವಾ' ಅನ್ನೋರು ಸದ್ಯಕ್ಕೆ ಸಮಸಮ ಇದ್ದಾರೆ. ಮುಂದಿನ ಭಾನುವಾರ ಮತ್ತೆ ಮೀಟಿಂಗು. ನಿಮ್ಮ ಬೀದಿಯಲ್ಲಿ ಯಾರಾದ್ರೂ ಇದಕ್ಕೆ ದಾರಿ ಕಂಡುಕೊಂಡಿದ್ರೆ ಅಷ್ಟರೊಳಗೆ ಬರೆದು ತಿಳಿಸಿ, ಮೀಟಿಂಗಿನಲ್ಲಿ ಓದಿ ಹೇಳ್ತೀನಿ.